ರೇಟು ಏರಿತೆಂದು ಹಿಗ್ಗಿದ ಗಿರಾಕಿ

ಅಂಗಡಿಗೆ ಹೋಗಿ, ಬೆರಳು ತೋರಿಸಿ, ದುಡ್ಡು ಕೊಟ್ಟು, ಕಂಪ್ಯೂಟರಿನ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡುವವರ ಬಗ್ಗೆ ನನಗೆ ಈಚೆಗೆ ಅಪಾರ ಗೌರವ ಹುಟ್ಟಿದೆ. ಒಂದೊಂದು ಭಾಗವನ್ನೂ ತಾನೇ ಆರಿಸಿ ಜೋಡಿಸುತ್ತೇನೆಂದು ಹೊರಟವನಿಗೆ ಆ ಊಟ ದಕ್ಕುವುದಿಲ್ಲ. ಸಾರನ್ನ ಕಲಸುವಾಗಲೂ ಅವನ ಎಡಗೈಯಲ್ಲಿ ಫೋನು ಇರುತ್ತದೆ. ಅದರಲ್ಲಿ ಯಾರೋ ಗಡ್ಡದವನು ಎರಡು ಫ್ಯಾನುಗಳ ಸದ್ದಿನಲ್ಲಿರುವ ವ್ಯತ್ಯಾಸವನ್ನು ಭಕ್ತಿಯಿಂದ ವಿವರಿಸುತ್ತಿರುತ್ತಾನೆ. ನನಗೆ ಎಲೆಅಡಿಕೆಯ ಚಟ ಬಿಡಿಸಿದ ನನ್ನ ಹೆಂಡತಿ ಸುಮಾಳಿಂದಲೂ ಈ ಚಟ ಬಿಡಿಸಲು ಆಗಿಲ್ಲ.

ನಾನು ಆಲ್ದೂರಿನಲ್ಲಿ ಕಟ್ಟಡಗಳ ಪ್ಲಾನ್ ಬರೆದುಕೊಡುವವನು. ಕಟ್ಟಡ ಎಂದರೆ ಹೆಚ್ಚಾಗಿ ಗೋಡೌನು, ಎಸ್ಟೇಟಿನ ಆಳುಗಳ ಲೈನ್ ಮನೆ, ದನದ ಕೊಟ್ಟಿಗೆ. ಅಷ್ಟಕ್ಕೆ ನನ್ನ ಹಳೆಯ ಕಂಪ್ಯೂಟರ್ ಮುಲುಗುತ್ತಲಾದರೂ ಹೊಂದಿಕೊಂಡು ಹೋಗುತ್ತಿತ್ತು. ಹೀಗಿರುವಾಗ ವಸ್ತಾರೆ ಕಡೆಯ ಕಾಫಿ ಪ್ಲಾಂಟರ್ ಚಂದ್ರೇಗೌಡರು ಹೋಂಸ್ಟೇ ಕಟ್ಟಿಸುವ ಉತ್ಸಾಹದಲ್ಲಿ ಬಂದರು. "ಕಾಗದದ್ ಮೇಲಿನ ಗೆರೆ ನಂಗೆ ತಿಳಿಯಲ್ಲ ಮಾರಾಯ್ರೆ. ಗೇಟಿಂದ ಒಳಗ್ ನಡ್ಕೊಂಡ್ ಹೋದಂಗೆ ವಿಡಿಯೋ ಮಾಡ್ಕೊಡಿ. ಮುಂದ್ಗಡೆ ಪೂರ್ತಿ ಹುಲ್ಲು ಇರ್ಬೇಕು, ಗಾಳಿಗೆ ಅಲ್ಲಾಡ್ತಾ ಇರ್ಬೇಕು. ಕೊಯ್ಲು ಮುಗಿಯೋದ್ರೊಳಗೆ ತೋರ್ಸಿ. ಆಗಲ್ಲ ಅಂದ್ರೆ ಹಾಸನದಲ್ಲಿ ಮಾಡೋರಿದಾರಂತೆ" ಎಂದರು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಇಷ್ಟು ವರ್ಷ ಹಸುಗಳಿಗೆ ಮನೆ ಬರೆದಿದ್ದೇನೆ. ಅವು ಒಂದು ದಿನವೂ ತಲೆಯೆತ್ತಿ ಛಾವಣಿ ನೋಡಿದ್ದಿಲ್ಲ. ಆದರೆ ನನ್ನ ಹಳೆಯ ಕಂಪ್ಯೂಟರ್ ಅಲ್ಲಾಡುವ ಹುಲ್ಲನ್ನು ಕಂಡದ್ದೇ ತಡ, ತಾನೇ ಆಫ್ ಆಗಿ ಮಲಗಿತು.

ಹೊಸದಕ್ಕೆ ಸುಮಾ ಒಂದು ಲಕ್ಷದ ಗೆರೆ ಎಳೆದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಓದಲು ಕೂತೆ, ಮತ್ತು ನಿಜ ಹೇಳುತ್ತೇನೆ, ಇಷ್ಟು ಕುತೂಹಲದಿಂದ ನಾನು ಶಾಲೆಯಲ್ಲಿ ಓದಿದ್ದರೆ ಇವತ್ತು ಸೇತುವೆ ಕಟ್ಟಿಸುತ್ತಿದ್ದೆ. ಲೆಕ್ಕ ಮಾಡುವುದು ಪ್ರೊಸೆಸರ್, ಹುಲ್ಲಿನ ಎಸಳು ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್, ಸಾಮಾನೆಲ್ಲ ಹರಡಿಕೊಳ್ಳಲು ಮೇಜು ಇದ್ದ ಹಾಗೆ ರ‍್ಯಾಮ್. ಇಲ್ಲಿಯವರೆಗೆ ಸರಿ. ಆದರೆ ಒಳ್ಳೆಯ ಪ್ರೊಸೆಸರ್ ಹಿಡಿದರೆ ಅದು ಕೂರುವ ಮದರ್‌ಬೋರ್ಡೇ ಬೇರೆ. ದೊಡ್ಡ ಕಾರ್ಡು ಹಿಡಿದರೆ ದೊಡ್ಡ ಪವರ್ ಸಪ್ಲೈ ಬೇಕು. ಅವೆರಡನ್ನೂ ಹಿಡಿದರೆ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ, ಗೆರೆ ದಾಟುತ್ತದೆ, ಮತ್ತೆ ಮೊದಲಿನಿಂದ ಶುರು.

ಈ ಸಂಕಟಕ್ಕೆ ಸಲಹೆಗಾರರಾಗಿ ಒದಗಿದವರು ನನ್ನ ಮಾವ, ಅಂದರೆ ಸುಮಾಳ ತಂದೆ. ಪಕ್ಕದ ಬೀದಿಯಲ್ಲೇ ಮನೆ, ನಾಲ್ಕು ಎಕರೆ ಕಾಫಿ, ಬೆಳಗಿನ ಕಾಫಿ ಮಾತ್ರ ನಮ್ಮಲ್ಲಿ. ಯಾವ ಭಾಗದ ಹೆಸರು ಹೇಳಿದರೂ ಅವರದು ಒಂದೇ ಪ್ರಶ್ನೆ: "ಔಟ್‌ಟರ್ನ್ ಎಷ್ಟು ಅಳಿಯಂದ್ರೆ?" ಒಣಗಿದ ಕಾಫಿಯ ಸಿಪ್ಪೆ ತೆಗೆದ ಮೇಲೆ ಕೊನೆಗೆ ಕೈಗೆ ಸಿಗುವ ಬೀಜ ಎಷ್ಟು ಎಂಬ ಲೆಕ್ಕ ಅದು. ಬಣ್ಣದ ದೀಪ ಮಿನುಗುವ ಗಾಜಿನ ಕ್ಯಾಬಿನೆಟ್ಟನ್ನು ನಾನು ಒಳಗೊಳಗೇ ಮೋಹಿಸಿದ್ದೆ. ಮಾವ ಅದರ ಚಿತ್ರ ನೋಡಿ "ಇದು ಬರೀ ಸಿಪ್ಪೆ" ಎಂದುಬಿಟ್ಟರು. ದುಃಖದಿಂದಲೇ ಕೈಬಿಟ್ಟೆ. ಹೀಗೆ ಸಿಪ್ಪೆ ಸುಲಿಯುತ್ತ ಸುಲಿಯುತ್ತ ಎಲ್ಲವೂ ಗೆರೆಯೊಳಗೆ ಬಂತು, ಮನೆಗೂ ಬಂತು, ರ‍್ಯಾಮ್ ಒಂದು ಉಳಿಯಿತು.

ರ‍್ಯಾಮಿನ ಬೆಲೆ ಏರುತ್ತಿದೆ ಎಂದು ಚಿಕ್ಕಮಗಳೂರಿನ ಅಂಗಡಿಯವನು ಹೇಳಿದ್ದ. ಆ ಸುದ್ದಿ ಕೇಳಿ ಮಾವನ ಮುಖ ಅರಳಿತು. "ಏರ್ತಾ ಇದ್ಯಾ? ಹಂಗಾರೆ ಅವಸರ ಮಾಡ್ಬೇಡಿ. ಕಾಯಿರಿ" ಎಂದರು. ನನಗೂ ಅದು ನೂರಕ್ಕೆ ನೂರು ಸರಿ ಎನಿಸಿತು. ಏರುವ ರೇಟಿನಲ್ಲಿ ಅವಸರಪಟ್ಟವನು ಕೆಟ್ಟ ಎಂದು ನಾವು ಹಾಲು ಕುಡಿಯುವಾಗಿನಿಂದ ಕೇಳಿದ್ದೇವೆ. ಅಂದಿನಿಂದ ದಿನಾ ಬೆಳಿಗ್ಗೆ ಜಗಲಿಯಲ್ಲಿ ಮಾವ ಅರೇಬಿಕಾ ಕಾಫಿಯ ರೇಟು ನೋಡುವರು, ನಾನು ರ‍್ಯಾಮ್ ರೇಟು ನೋಡುವೆ. "ನಮ್ದು ಸ್ವಲ್ಪ ಬಿತ್ತು. ನಿಮ್ದು?" "ಮತ್ತೆ ಏರಿದೆ ಮಾವ!" "ಭೇಷ್!" ಅದರ ಮೇಲೆ ಇಬ್ಬರೂ ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದೆವು. ಒಂದು ದಿನ ಬೆಲೆ ತುಸು ಇಳಿದಾಗ ಮಾವ ನನ್ನ ಭುಜ ತಟ್ಟಿ ಸಮಾಧಾನ ಹೇಳಿದ್ದೂ ಉಂಟು. ಅತ್ತ ಗೌಡರ ತೋಟದಲ್ಲಿ ಕೊಯ್ಲು ಮುಕ್ಕಾಲು ಮುಗಿದಿತ್ತು.

ಕೊನೆಗೆ ಲೋಟ ಎತ್ತಿಕೊಳ್ಳಲು ಬಂದ ಸುಮಾ ನಿಂತು ಕೇಳಿದಳು: "ಅಲ್ಲ, ನೀವು ರ‍್ಯಾಮ್ ಮಾರೋರಾ, ತಗೊಳ್ಳೋರಾ?" ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಹೌದಲ್ಲ ಮಾರಾಯ್ರೆ" ಎಂದು ಮಾವ ಮೆಲ್ಲಗೆ ಎದ್ದು, ತೋಟದಲ್ಲಿ ಏನೋ ಕೆಲಸ ನೆನಪಾಯಿತೆಂದು ಹೊರಟರು. ನಾನು ಸಿಕ್ಕಿದ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಓಡಿದೆ. ಬೇಕೆಂದುಕೊಂಡಿದ್ದ ರ‍್ಯಾಮಿನಲ್ಲಿ ಅರ್ಧಕ್ಕೇ ದುಡ್ಡು ಸಾಲುತ್ತಿತ್ತು. ಅಷ್ಟನ್ನೇ ತಂದು, ಮದರ್‌ಬೋರ್ಡಿನಲ್ಲಿ ಉಳಿದ ಖಾಲಿ ಜಾಗ ನೋಡಿ ನಿಟ್ಟುಸಿರು ಬಿಟ್ಟು, ಹಳೆಯ ಕ್ಯಾಬಿನೆಟ್ಟಿನ ಧೂಳು ಕೊಡವಿ ಎಲ್ಲವನ್ನೂ ಜೋಡಿಸಿದೆ. ರ‍್ಯಾಮೆಂಬ ಅರ್ಧ ಮೇಜಿನ ಮೇಲೆ ಪೂರ್ತಿ ಹುಲ್ಲು ಹಿಡಿಸದು. ಅಂಗಳವನ್ನು ತುಂಡು ತುಂಡು ಮಾಡಿ ಬೆಳೆಸಿ, ಅಂಟಿಸಿ, ಅಂತೂ ಕೊಯ್ಲಿನ ಕೊನೆಯ ವಾರ ಹುಲ್ಲು ಅಲ್ಲಾಡಿತು. ನನಗೆ ಕಣ್ಣಲ್ಲಿ ನೀರೇ ಬಂತು.

ಗೌಡರು ಹೆಂಡತಿ ಶಾರದಮ್ಮನವರನ್ನೂ ಕರೆತಂದರು. ಗೇಟು ತೆರೆಯಿತು, ಹುಲ್ಲು ತೂಗಿತು, ಗೌಡರು ಬಾಯಿ ಬಿಟ್ಟು ನೋಡಿದರು. ಶಾರದಮ್ಮ ಮಾತ್ರ ಹುಬ್ಬು ಗಂಟಿಕ್ಕಿದರು. "ಅಲ್ರೀ, ಇಷ್ಟ್ ಒಳ್ಳೆ ಬಿಸಿಲು ಬೀಳೋ ಜಾಗ ಹುಲ್ಲಿಗಾ? ಕಾಫಿ ಎಲ್ಲಿ ಒಣಗ್ಸದು?" ಗೌಡರು ಒಂದು ಗಳಿಗೆ ಯೋಚಿಸಿ ನನ್ನತ್ತ ತಿರುಗಿದರು. "ಅದೂ ಹೌದು. ಹುಲ್ಲೆಲ್ಲ ತೆಗ್ದು ಸಿಮೆಂಟ್ ಕಣ ಮಾಡ್ಬಿಡಿ. ಎಷ್ಟ್ ದಿನ ಬೇಕು?"

ನಾನು ಹುಲ್ಲನ್ನು ಅಳಿಸಿದೆ. ಅದರ ಜಾಗಕ್ಕೆ ಬೂದು ಬಣ್ಣ ಸುರಿದೆ. ಸಿಮೆಂಟು ಗಾಳಿಗೆ ಅಲ್ಲಾಡುವುದಿಲ್ಲ. ಸುಮಾ ತಂದಿಟ್ಟ ಕಾಫಿ ಆರುವುದರೊಳಗೆ ಕಣ ಸಿದ್ಧವಾಗಿತ್ತು. "ಏನ್ ಸ್ಪೀಡು ಮಾರಾಯ್ರೆ! ಹಾಸನದವ್ರು ಏನ್ ಬದಲಾಯ್ಸೋದಿದ್ರೂ ವಾರ ಬೇಕು ಅಂದಿದ್ರು. ಕೆಲ್ಸ ನಿಮ್ಗೇ" ಎಂದು ಗೌಡರು ಕಂಪ್ಯೂಟರಿನ ಬೆನ್ನು ಸವರಿದರು. ಆ ಬೂದು ಚೌಕವನ್ನು ನನ್ನ ಹಳೆಯ ಕಂಪ್ಯೂಟರ್ ಕೂಡ ಅಷ್ಟೇ ಹೊತ್ತಿನಲ್ಲಿ ಬಿಡಿಸುತ್ತಿತ್ತು. ಅದು ಗೊತ್ತಿದ್ದವಳು ಸುಮಾ ಒಬ್ಬಳೇ. ಅವಳು ಟ್ರೇ ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅತ್ತ ತಿರುಗದೆ, ಗಂಟಲು ಸರಿಮಾಡಿಕೊಂಡು, "ಒಂದೊಂದ್ ಪಾರ್ಟೂ ನಾನೇ ಆರ್ಸಿದ್ದು ಸಾರ್" ಎಂದೆ.