ಗಣಕ ಬಾರದ ನಲವತ್ತು ಮಂದಿ

ಕಿಕ್ಕೇರಿಯ ಹೋಬಳಿ ಗಣಕ ಕಲಿಕಾ ಕೇಂದ್ರವು ಕಂಪ್ಯೂಟರ್ ಬಾರದ ನಲವತ್ತು ಮಂದಿಗಾಗಿ ಸ್ಥಾಪಿತವಾಗಿದ್ದು, ಅವರೆಲ್ಲ ಕಲಿತುಬಿಡುವ ಸಂಭವವನ್ನು ಅದರ ನಿಯಮಾವಳಿಯಲ್ಲಿ ಎಲ್ಲಿಯೂ ಪರಿಗಣಿಸಿರಲಿಲ್ಲ.

ಕೇಂದ್ರದ ನಾಲ್ಕೂ ಕಂಪ್ಯೂಟರುಗಳಲ್ಲಿ ಇದ್ದದ್ದು ಲಿನಕ್ಸ್. ಗುಂಡಿ ಒತ್ತಿದರೆ ಕಪ್ಪು ಪರದೆ, ಅದರಲ್ಲೊಂದು ಮಿಣಮಿಣ ಗೆರೆ. ಜೊತೆಗೆ ಬಂದ ಮುನ್ನೂರ ಹನ್ನೆರಡು ಪುಟದ ಕೈಪಿಡಿ "ಬಳಕೆದಾರನು ಕವಚದ ಮುಖೇನ ಸೂಚನಾದೇಶಗಳನ್ನು ಹೊರಡಿಸತಕ್ಕದ್ದು" ಎಂದು ಶುರುವಾಗುತ್ತಿತ್ತು. ಮೂರು ವರ್ಷದಲ್ಲಿ ಯಾರೂ ಎರಡನೇ ಪುಟ ದಾಟಲಿಲ್ಲ. ವರದಿಯಲ್ಲಿ ಇದನ್ನು ತೃಪ್ತಿಕರ ಎಂದು ನಮೂದಿಸಲಾಗುತ್ತಿತ್ತು.

ಹೊಸದಾಗಿ ಬಂದ ಆಪರೇಟರ್ ಇಫ್ಫತ್‌ಗೆ ಈ ಪದ್ಧತಿ ತಿಳಿಯದು. ದಿನಾ ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಒಂದು ವರ್ಷದ ಗುತ್ತಿಗೆ, ಮನೆಗೆ ಸಂಬಳ ಅಂತ ಬರುತ್ತಿದ್ದದ್ದು ಇದೊಂದೇ. ಕಲಿಯಲು ಬರುವವರೆಲ್ಲ ಹಸು ಕಟ್ಟಿದವರು ಎಂದು ಗಮನಿಸಿ, ಒಂದೇ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದಳು:

"ಫೋಲ್ಡರ್ ಅಂದರೆ ಕೊಟ್ಟಿಗೆ. ಫೈಲ್ ಅಂದರೆ ಹಸು. 'ls' ಹೊಡೆದರೆ ಕೊಟ್ಟಿಗೆಯಲ್ಲಿ ಯಾವ್ಯಾವ ಹಸು ಇವೆ ಅಂತ ತೋರಿಸುತ್ತದೆ. 'rm' ಹೊಡೆದರೆ ಹಸು ಮಾರಿದ ಹಾಗೆ, ವಾಪಸ್ ಬರುವುದಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಏನೂ ಕಾಣುವುದಿಲ್ಲ, ಹೆದರಬೇಡಿ. ಹೋಗುವಾಗ 'poweroff' ಹೊಡೆದು ಕೊಟ್ಟಿಗೆ ಬಾಗಿಲು ಹಾಕಿ."

ಎರಡು ತಿಂಗಳಿಗೆ ನಲವತ್ತೂ ಮಂದಿ ಟೈಪಿಂಗು, ಅರ್ಜಿ, ಪ್ರಿಂಟು ಎಲ್ಲ ಕಲಿತುಬಿಟ್ಟರು. ಹಾಳೆಯ ಜೆರಾಕ್ಸು ಹಾಲಿನ ಡೈರಿಯ ಗೋಡೆಗೂ ಹೋಗಿ, ಸುತ್ತಮುತ್ತ ಬಾರದವರೇ ಉಳಿಯಲಿಲ್ಲ.

ತಪಾಸಣೆಗೆ ಬಂದ ಮೇಲ್ವಿಚಾರಕ ರಘುನಂದನ್ ಮುಂದೆ ನಲವತ್ತು ಮಂದಿಯಲ್ಲೊಬ್ಬರಾದ ಮಂಚಮ್ಮ, ಅರವತ್ತು ದಾಟಿದವರು, ಪಟಪಟನೆ ಪಾಸ್‌ವರ್ಡ್ ಹೊಡೆದು ತಮ್ಮ ಫೈಲುಗಳನ್ನೆಲ್ಲ ತೋರಿಸಿದರು. ರಘುನಂದನ್ ಮುಖ ಕಪ್ಪಿಟ್ಟಿತು. ಕೆಟ್ಟ ಮನುಷ್ಯನಲ್ಲ, ಅವರ ಜೀಪು ಓಡುತ್ತಿದ್ದದ್ದೂ ಇದೇ ಯೋಜನೆಯಲ್ಲಿ. ಇಫ್ಫತ್‌ಳನ್ನು ಪಕ್ಕಕ್ಕೆ ಕರೆದು ಏಳನೇ ನಿಯಮ ಓದಿ ಹೇಳಿದರು: ಕಂಪ್ಯೂಟರ್ ಬಾರದ ನಲವತ್ತು ಮಂದಿ ಇರುವ ಕಡೆ ಮಾತ್ರ ಕೇಂದ್ರ ಮುಂದುವರಿಯತಕ್ಕದ್ದು, ಆಪರೇಟರೂ ಅಷ್ಟೇ. ಬಾರದವರಿಂದ ಅರ್ಜಿ ಬರಲು ಸೋಮವಾರ ಕಡೆಯ ದಿನ.

"ಒಳ್ಳೇ ಕೆಲಸ ಮಾಡ್ಬಿಟ್ರಲ್ಲಮ್ಮ," ಎಂದು ಮರುಗಿ ಜೀಪು ಹತ್ತಿದರು.

ಇಫ್ಫತ್‌ಗೆ ಅಳು ಒತ್ತರಿಸಿ ಬಂತು. ಮಂಚಮ್ಮ ಬಿಡದೆ ಕೇಳಿ ವಿಷಯ ತಿಳಿದುಕೊಂಡರು.

"ನಮಗೆ ಬರಾಕಿಲ್ಲ ಅಂತ ಬರ್ಕೊಟ್ರೆ ನಿನ್ ಕೆಲ್ಸ ಉಳೀತದಾ ಮಗಾ?"

"ಉಳಿಯುತ್ತೆ. ಆದ್ರೆ ಅದು ಸುಳ್ಳಾಗುತ್ತಲ್ಲವ್ವ."

"ಸುಳ್ಳೆಂಗಾದದು ಕಣವ್ವ? ನಮಗೆ ಬಂದಿರಾದು ನಿನ್ನ ಒಂದ್ ಆಳೆ. ಸರ್ಕಾರದ ಮುನ್ನೂರ್ ಪುಟ ಇನ್ನೂ ಅಂಗೇ ಬಿದ್ದದಲ್ಲ."

ಬಾರದವರ ಅರ್ಜಿಗೂ ನಿಯಮವಿತ್ತು. ಅದನ್ನು ಆನ್‌ಲೈನಿನಲ್ಲಿ ಅರ್ಜಿದಾರರೇ ಖುದ್ದಾಗಿ, ಯಾರ ನೆರವೂ ಇಲ್ಲದೆ ಸಲ್ಲಿಸತಕ್ಕದ್ದು. ಸೋಮವಾರ ನಲವತ್ತೂ ಮಂದಿ ಹಾಲು ಹಾಕಿ ನೇರ ಬಂದರು. ಒಬ್ಬೊಬ್ಬರೇ ಕೂತು, ಪಾಸ್‌ವರ್ಡ್ ಹೊಡೆದು, "ನನಗೆ ಕಂಪ್ಯೂಟರ್ ಮುಟ್ಟಲೂ ಬರುವುದಿಲ್ಲ" ಎಂದು ಟೈಪ್ ಮಾಡಿ, ಫೋಟೋ ಲಗತ್ತಿಸಿ, ರಸೀದಿ ಪ್ರಿಂಟ್ ತೆಗೆದರು. ಹನ್ನೊಂದು ಗಂಟೆಗೆಲ್ಲ ಮುಗಿಯಿತು.

ಇಷ್ಟು ಚುರುಕಾಗಿ ಅರ್ಜಿ ಹಾಕಿದ ಬಾರದವರನ್ನು ಬೇರಾವ ಹೋಬಳಿಯಲ್ಲೂ ಕಂಡಿಲ್ಲವೆಂದು ರಘುನಂದನ್ ಮೆಚ್ಚುಗೆ ಪತ್ರ ಕಳಿಸಿದರು. ಇಫ್ಫತ್‌ಳ ಗುತ್ತಿಗೆ ಒಂದು ವರ್ಷ ಮುಂದುವರಿಯಿತು. ಗೋಡೆಯ ಹಾಳೆಯನ್ನು ಮಾತ್ರ ತೆಗೆದು ಕೈಪಿಡಿಯ ಮೂರನೇ ಪುಟದಲ್ಲಿ ಭದ್ರವಾಗಿಡಲು ಆದೇಶವಾಯಿತು. ಅಲ್ಲಿ ಅದು ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ.

ಈಗಲೂ ಪ್ರತಿ ಸೋಮವಾರ ಮಂಚಮ್ಮ ಬರುತ್ತಾರೆ. ತಮ್ಮ ಕೆಲಸ ಮುಗಿಸಿ, ನಾಲ್ಕೂ ಕಂಪ್ಯೂಟರಿಗೆ 'poweroff' ಹೊಡೆದು, ಹಾಜರಿ ಪುಸ್ತಕದಲ್ಲಿ "ಪ್ರಗತಿ: ಏನೂ ಇಲ್ಲ" ಎಂಬುದರ ಮುಂದೆ ಸಹಿ ಹಾಕುತ್ತಾರೆ. ಅದರ ಕೆಳಗೆ ಇಫ್ಫತ್ "ತೃಪ್ತಿಕರ" ಎಂದು ಬರೆಯುತ್ತಾಳೆ.