ಹೊಸ ಡಿಸ್ಕಿಗೆ ಕಾಲಿಡಲೊಲ್ಲದ ಹಳೆಯ ಆಪರೇಟಿಂಗ್ ಸಿಸ್ಟಮ್ ಮಹಾಶಯರಿಗೆ

ಮಾನ್ಯರೇ,

ಊರಿನ ಸಮಸ್ತ ಕಂಪ್ಯೂಟರುಗಳಿಂದ ಗಂಟುಮೂಟೆ ಸಮೇತ ಹೊರಬಿದ್ದರೂ ನಮ್ಮ ಕಸೂತಿ ಅಂಗಡಿಯ ಮೂಲೆಮೇಜಿನ ಮೇಲೆ ಮಾತ್ರ ಇವತ್ತಿಗೂ ಪಟ್ಟವೇರಿ ಕುಳಿತಿರುವ ತಮ್ಮ ಪಾದಗಳಿಗೆ, ಪಾದಗಳು ಇದ್ದ ಪಕ್ಷದಲ್ಲಿ, ಈ ಅಂಗಡಿಯ ಸೊಸೆಯ ಸಾಷ್ಟಾಂಗ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವಾಗಿಯೇ ಇದ್ದೆವು, ತಮ್ಮನ್ನು ಹೊಸ ಡಿಸ್ಕಿಗೆ ಬರಮಾಡಿಕೊಳ್ಳುವ ದುರ್ಬುದ್ಧಿ ಹುಟ್ಟುವವರೆಗೆ.

ತಮಗೆ ನಮ್ಮ ಗುರುತು ಇರಲಾರದು, ದೊಡ್ಡವರಿಗೆ ಇರಬೇಕಾದ್ದೂ ಇಲ್ಲ. ಸಮವಸ್ತ್ರದ ಅಂಗಿಗಳ ಜೇಬಿನ ಮೇಲೆ ಹೆಸರು ಹೊಲಿಯುವುದು ನಮ್ಮ ಕಸುಬು. ಹೊಲಿಯುವ ಯಂತ್ರ ಒಂದೇ ಒಂದು ಪ್ರೋಗ್ರಾಮಿನ ಮಾತು ಕೇಳುತ್ತದೆ, ಆ ಪ್ರೋಗ್ರಾಮು ತಮ್ಮ ಮಾತು ಬಿಟ್ಟು ಇನ್ನೊಬ್ಬರ ಮಾತು ಕೇಳುವುದಿಲ್ಲ, ಇವರಿಬ್ಬರನ್ನೂ ಪಳಗಿಸಿ ಇಟ್ಟುಕೊಂಡಿರುವ ನನ್ನ ಮಾವ ಯಾರ ಮಾತನ್ನೂ ಕೇಳುವುದಿಲ್ಲ. ಅವರ ಕಣ್ಣು ಮಂಜಾಗಿ ಬಹಳ ಕಾಲವಾಯಿತು, ಬಾಗಿಲಲ್ಲಿ ನಿಂತವರು ದಪ್ಪಗಿದ್ದಾರೋ ಸಣ್ಣಗಿದ್ದಾರೋ ಎಂಬಷ್ಟು ಮಾತ್ರ ಕಾಣುತ್ತದೆ. ಆದರೆ ಕೀಬೋರ್ಡಿನ ಮುಂದೆ ಕುಳಿತರೆಂದರೆ ಎರಡು ಸಲ ಕೆಳಗೆ, ಒಂದು ಸಲ ಬಲಕ್ಕೆ, ಎಂಟರ್, ಆಮೇಲೆ ಹೆಸರು. ಒಂದಕ್ಷರ ತಪ್ಪಿದ್ದನ್ನು ನಾನಂತೂ ಕಂಡಿಲ್ಲ. ಉಳಿದದ್ದನ್ನೆಲ್ಲ ಕಿವಿ ನೋಡಿಕೊಳ್ಳುತ್ತದೆ. ಹಳೆಯ ಹಾರ್ಡ್ ಡಿಸ್ಕು ಕರಕರ ಎಂದರೆ ಕೆಲಸ ನಡೆದಿದೆ, ನಿಂತರೆ ಮುಗಿದಿದೆ.

ಆ ಡಿಸ್ಕು ಒಂದು ಬೆಳಿಗ್ಗೆ ಕೊನೆಯ ಸಲ ಕರ್ರೆಂದು ತೀರಿಕೊಂಡಿತು. ನನ್ನ ಗಂಡನಿಗೆ ಅಷ್ಟೇ ಬೇಕಿತ್ತು. ಗಾಜಿನ ಮೇಲಿನ ಪುಟಾಣಿ ಚಿತ್ರಗಳನ್ನು ಮುಟ್ಟಿ ನಡೆಸುವ ಹೊಸ ಕಸೂತಿ ಯಂತ್ರದ ಏಜೆಂಟರಿಗೆ ಫೋನ್ ಮಾಡಿ, ‘ಶನಿವಾರದೊಳಗೆ ಹಳೇದು ಸರಿಹೋಗದಿದ್ರೆ ಬಂದು ಗುಜರಿಗೆ ಎತ್ಕೊಂಡು ಹೋಗಿ, ಅಪ್ಪ ಇನ್ನು ಮನೇಲಿ ಆರಾಮಾಗಿರ್ಲಿ’ ಎಂದುಬಿಟ್ಟರು. ಮಾವ ಜಗಳವಾಡಲಿಲ್ಲ. ‘ಆರಾಮಾಗಿ ಕೂತು ಏನು ಮಾಡ್ಲಿ, ಗೋಡೆ ನೋಡೋಕೂ ಕಣ್ಣು ಬೇಕಲ್ಲ’ ಎಂದಷ್ಟೇ ಹೇಳಿ ದಾರದ ಉಂಡೆಗಳನ್ನು ತಡವಿ ತಡವಿ ಡಬ್ಬಿಗೆ ತುಂಬತೊಡಗಿದರು. ಅದನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ.

ಹೀಗಾಗಿ ನಾನೇ ರಿಪೇರಿಯವರನ್ನು ಕರೆಸಿದೆ. ಯಾವ ಕೆಲಸಕ್ಕೂ ‘ಐದ್ನಿಮಿಷ ಅಕ್ಕ’ ಎನ್ನುವುದರಿಂದ ಬೀದಿಯವರೆಲ್ಲ ಅವರನ್ನು ಐದ್ನಿಮಿಷ ಎಂದೇ ಕರೆಯುತ್ತಾರೆ. ಅವರು ಬಿಸ್ಕತ್ತಿನಷ್ಟು ತೆಳ್ಳಗಿನ, ಒಳಗೆ ತಿರುಗುವಂಥದ್ದು ಏನೂ ಇಲ್ಲದ, ಎಸ್‌ಎಸ್‌ಡಿ ಎಂಬ ಹೊಸ ಕಾಲದ ಡಿಸ್ಕನ್ನು ಕೂರಿಸಿ, ಕಪಾಟಿನಲ್ಲಿ ನಾವು ಕಾಪಾಡಿಕೊಂಡು ಬಂದಿದ್ದ ತಮ್ಮ ಅಸಲಿ ಸಿ.ಡಿ.ಯನ್ನು ಒಳಗೆ ತಳ್ಳಿದರು. ತಾವು ಸಾವಕಾಶವಾಗಿ ಎದ್ದು, ನೀಲಿ ಪೋಷಾಕಿನಲ್ಲಿ ದರ್ಶನ ಕೊಟ್ಟು, ಈ ಕಂಪ್ಯೂಟರಿನಲ್ಲಿ ಡಿಸ್ಕೇ ಇಲ್ಲ ಎಂದು ಅಪ್ಪಣೆ ಕೊಡಿಸಿದಿರಿ. ಆಹಾ! ಕಣ್ಣೆದುರಿಗೆ ಇರುವುದನ್ನು ಇಲ್ಲವೆಂದು ಇಷ್ಟು ಗಂಭೀರವಾಗಿ ಹೇಳುವ ಸಾಮರ್ಥ್ಯ ಎಲ್ಲರಿಗೂ ಬರುವುದಿಲ್ಲ. ನಮ್ಮ ಸಂಬಂಧಿಕರಲ್ಲಿ ಒಂದಿಬ್ಬರಿಗೆ ಮಾತ್ರ ಇದೆ.

ಡಿಸ್ಕು ಇದ್ದದ್ದೇ ಆದರೆ ಅದರ ಪರಿಚಯವನ್ನು ಫ್ಲಾಪಿ ಎಂಬ ಹಿಂದಿನ ಕಾಲದ ಚೌಕ ಬಿಲ್ಲೆಯಲ್ಲಿ ಬರೆದು ತರತಕ್ಕದ್ದು ಎಂದೂ ತಾವು ಸೂಚಿಸಿದಿರಿ. ತಮ್ಮ ಆಜ್ಞೆಯೆಂದು ಅಂಗಡಿಯನ್ನೆಲ್ಲ ಜಾಲಾಡಿದೆವು. ಕತ್ತರಿಸುವ ಮೇಜಿನ ಕುಂಟುಗಾಲಿನ ಕೆಳಗೆ ಸೇವೆಯಲ್ಲಿದ್ದ ಒಂದು ಫ್ಲಾಪಿಯನ್ನು ಅತ್ತೆ ಎಳೆದುಕೊಟ್ಟರು, ಮೇಜು ಒಂದು ಕಡೆಗೆ ವಾಲಿ ಗುಂಡಿಗಳ ತಟ್ಟೆ ನೆಲಕ್ಕೆ ಚೆಲ್ಲಿತು. ಐದ್ನಿಮಿಷ ಫ್ಲಾಪಿಯನ್ನು ಹಿಡಿದು ಕಂಪ್ಯೂಟರಿಗೆ ಸುತ್ತು ಬರತೊಡಗಿದಾಗ ಅತ್ತೆಯೇ ‘ಅಯ್ಯೋ, ಇದನ್ನ ನುಂಗೋಕೆ ಅದಕ್ಕೆ ಬಾಯೇ ಇಲ್ವಲ್ಲೋ’ ಎಂದು ಸತ್ಯ ನುಡಿದರು. ಮುಂದೆ ಎಂದಾದರೂ ಫ್ಲಾಪಿ ಕೇಳುವಾಗ ಅದನ್ನು ತೂರಿಸುವ ಬಾಯಿಯನ್ನೂ ತಾವೇ ಅಂಚೆಯಲ್ಲಿ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಕೊನೆಗೆ ಐದ್ನಿಮಿಷ ಸೆಟ್ಟಿಂಗುಗಳ ಆಳದಲ್ಲೆಲ್ಲೋ ಹೊಸ ಡಿಸ್ಕು ಹಳೆಯ ಡಿಸ್ಕಿನಂತೆ ನಟಿಸುವ ಒಂದು ಅನುಕೂಲವನ್ನು ಪತ್ತೆಹಚ್ಚಿದರು. ಮದುವೆಯಾಗಿ ಈ ಮನೆಗೆ ಬಂದ ಮೊದಲ ವರ್ಷ ನಾನೂ ಇಂಥದ್ದೇ ಒಂದು ಸೆಟ್ಟಿಂಗಿನಲ್ಲಿ ಇದ್ದವಳಾದ್ದರಿಂದ ಆ ಡಿಸ್ಕಿನ ಮೇಲೆ ನನಗೆ ಅಕ್ಕರೆ ಹುಟ್ಟಿತು. ತಾವು ನಟನೆಯನ್ನು ಮೆಚ್ಚಿ ಒಳಗೆ ಬರಲು ಒಪ್ಪಿದಿರಿ. ಫೈಲುಗಳು ಇಳಿಯತೊಡಗಿದವು. ಐದ್ನಿಮಿಷ ಟೀ ಕುಡಿಯಲು ಹೋದರು, ನಾನು ಚೆಲ್ಲಿದ ಗುಂಡಿ ಆರಿಸುತ್ತಿದ್ದೆ, ಅಷ್ಟರಲ್ಲಿ ಮಾವ ಬಂದು ಕಂಪ್ಯೂಟರಿಗೆ ಕಿವಿಯಿಟ್ಟು, ‘ಉಸಿರೇ ಇಲ್ವಲ್ಲಮ್ಮ ಇದಕ್ಕೆ’ ಎಂದು ಮರುಗಿ, ಕೆಟ್ಟು ನಿಂತಾಗ ಎಂದಿನಿಂದಲೂ ಮಾಡುತ್ತ ಬಂದಂತೆ ಪ್ಲಗ್ಗನ್ನು ಕಿತ್ತುಬಿಟ್ಟರು.

ಮತ್ತೆ ಮೊದಲಿನಿಂದ ಶುರು ಮಾಡಿದೆವು, ಮತ್ತೆ ಕಿತ್ತರು. ಹೊಸ ಡಿಸ್ಕು ಸದ್ದೇ ಮಾಡುವುದಿಲ್ಲ ಮಾವಾ ಎಂದು ಗಿಣಿಗೆ ಹೇಳಿದಂತೆ ಹೇಳಿದೆ. ‘ಸದ್ದು ಮಾಡದೆ ಕೆಲಸ ಮಾಡೋರನ್ನ ನಾನಂತೂ ಕಂಡಿಲ್ಲ’ ಎಂದರು. ‘ಮದುವೆ ಆದಾಗಿಂದ ಎದುರಿಗೇ ಇದೀನಲ್ಲ, ಕಾಣೋದೆಲ್ಲಿಂದ’ ಎಂದು ಅತ್ತೆ ದಾರ ಕಡಿಯುತ್ತ ಹೇಳಿದರು. ಕೈ ಹಿಡಿದು ತಡೆಯೋಣವೆಂದರೆ, ನಮ್ಮಲ್ಲಿ ಮಾವನ ಕೈಯನ್ನು ಪ್ಲಗ್ಗಿನಿಂದ ತಪ್ಪಿಸಿದವರು ಇನ್ನೂ ಹುಟ್ಟಿಲ್ಲ. ಶುಕ್ರವಾರವೂ ಕೈಜಾರಿತು.

ಶನಿವಾರ ಬೆಳಿಗ್ಗೆ ಅತ್ತೆ ಯಾರನ್ನೂ ಕೇಳದೆ, ಎಣ್ಣೆ ಕಾಣದೆ ಬಿದ್ದಿದ್ದ ದಾರ ಸುತ್ತುವ ರಾಟೆಯನ್ನು ಹೊತ್ತು ತಂದು ಕಂಪ್ಯೂಟರಿನ ಮೇಜಿನ ಹಿಂದೆ ಕುಳಿತು ತಿರುಗಿಸತೊಡಗಿದರು. ಕರಕರ, ಕರಕರ. ಮಾವ ಬಂದು ಕಿವಿಗೊಟ್ಟು, ‘ಹಾಂ, ಈಗ ಜೀವ ಬಂತು ನೋಡು’ ಎಂದು ಖುಷಿಯಿಂದ ಕುರ್ಚಿಯೆಳೆದು ಕುಳಿತರು. ಅತ್ತೆ ಕೈ ಬದಲಿಸಲು ನಿಂತಾಗಲೆಲ್ಲ ಮಾವನ ಕೈ ಪ್ಲಗ್ಗಿನ ಕಡೆಗೆ ಸರಿಯುತ್ತಿತ್ತು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ತಾವು ಪರದೆಯ ಮೇಲೆ, ‘ಹಾಯಾಗಿ ಕುಳಿತು ವಿಶ್ರಮಿಸಿ, ಕೆಲಸವನ್ನೆಲ್ಲ ನಾವು ಮಾಡುತ್ತೇವೆ’ ಎಂದು ಬರೆದಿರಿ. ತಮ್ಮ ಆ ವಾಕ್ಯವನ್ನು ಬೆವರೊರೆಸಿಕೊಳ್ಳುತ್ತಿದ್ದ ಅತ್ತೆಗೆ ಓದಿ ಹೇಳಿದೆ. ಅವರು ಅದಕ್ಕೆ ಕೊಟ್ಟ ಉತ್ತರವನ್ನು ಇಂಥ ಗೌರವದ ಪತ್ರದಲ್ಲಿ ಬರೆಯಲಾಗದು.

ಏಜೆಂಟರು ವ್ಯಾನು ತಂದು ಅಂಗಡಿಯ ಮುಂದೆ ನಿಲ್ಲಿಸುವ ಹೊತ್ತಿಗೆ ತಾವು ಪೂರ್ತಿಯಾಗಿ ಇಳಿದಿದ್ದಿರಿ, ಪ್ರೋಗ್ರಾಮೂ ತನ್ನ ಸಿ.ಡಿ.ಯಿಂದ ಇಳಿದು ಕುಳಿತಿತ್ತು. ಮಾವ ಬಾಗಿಲಲ್ಲಿ ಕಂಡ ದಪ್ಪನೆಯ ಆಕಾರಕ್ಕೆ, ‘ಅಂಗಿ ಬಿಚ್ಚಿ ಕೊಡಿ ಸ್ವಾಮಿ, ಹೆಸರು ಹೇಳಿ’ ಎಂದರು. ಗಿರಾಕಿ ಎಂದುಕೊಂಡರೋ, ಗೊತ್ತಿದ್ದೇ ಕೇಳಿದರೋ, ನಾನು ವಿಚಾರಿಸಿಲ್ಲ. ಎರಡು ಸಲ ಕೆಳಗೆ, ಒಂದು ಸಲ ಬಲಕ್ಕೆ, ಎಂಟರ್. ಬನಿಯನ್ನಿನಲ್ಲಿ ಕೈಕಟ್ಟಿ ನಿಂತಿದ್ದ ಏಜೆಂಟರು ಆಮೇಲೆ ಅಂಗಿ ತೊಟ್ಟು, ಜೇಬಿನ ಮೇಲೆ ಆಗಷ್ಟೇ ಹೊಲಿದ ಸ್ವಂತ ಹೆಸರನ್ನು ಬೆರಳಿನಿಂದ ಸವರಿ ನೋಡಿ, ಯಂತ್ರದ ಮಾತೆತ್ತದೆ ಖಾಲಿ ವ್ಯಾನು ಓಡಿಸಿಕೊಂಡು ಹೋದರು. ನನ್ನ ಗಂಡ ಎದ್ದು, ಡಬ್ಬಿಗೆ ತುಂಬಿದ್ದ ದಾರದ ಉಂಡೆಗಳನ್ನು ತೆಗೆದು ಅಪ್ಪನ ಕೈಗೆ ಸಿಗುವಲ್ಲಿ ಜೋಡಿಸಿದರು.

ಇಷ್ಟೆಲ್ಲ ಆಟವಾಡಿಸಿದರೂ ಕೊನೆಗೆ ಮನಸ್ಸು ಮಾಡಿದ್ದಕ್ಕಾಗಿ ಚಿರಋಣಿಗಳು.

ಬೇರೆ ಗತಿಯಿಲ್ಲದ ಕಾರಣ ಇಂದಿಗೂ,
ತಮ್ಮ ವಿಶ್ವಾಸಿ,
ಕಸೂತಿ ಅಂಗಡಿಯ ಸೊಸೆ

ತಾ.ಕ.: ಮೂವತ್ತು ದಿನಗಳೊಳಗೆ ಫೋನ್ ಮಾಡಿ ನೋಂದಾಯಿಸದಿದ್ದರೆ ಬಾಗಿಲು ಹಾಕುವುದಾಗಿ ತಾವು ಬೆದರಿಸುತ್ತಿದ್ದೀರಿ. ಆ ನಂಬರಿಗೆ ಫೋನ್ ಮಾಡಿದೆ. ತಮ್ಮನ್ನು ಹೆತ್ತ ಕಂಪನಿಯವರು ಅಲ್ಲಿಂದ ಜಾಗ ಖಾಲಿ ಮಾಡಿ ಎಷ್ಟೋ ಕಾಲವಾಗಿದೆ, ತಮಗೆ ಹೇಳಿ ಹೋಗಲಿಲ್ಲವೇನೋ, ಪಾಪ. ಆದ್ದರಿಂದ ಗಡುವು ಹತ್ತಿರವಾದಾಗಲೆಲ್ಲ ನಾನು ಕಂಪ್ಯೂಟರಿನ ಗಡಿಯಾರವನ್ನು ಒಂದು ತಿಂಗಳು ಹಿಂದಕ್ಕೆ ತಿರುಗಿಸುತ್ತೇನೆ, ತಾವು ತುಟಿಪಿಟಕ್ಕೆನ್ನದೆ ನಂಬುತ್ತೀರಿ. ಬರುವ ವರ್ಷದ ಹೊತ್ತಿಗೆ ಮಾವನಿಗೆ ಮನುಷ್ಯರ ಆಕಾರವೂ ಕಾಣುವುದಿಲ್ಲ ಎಂದು ಕಣ್ಣಿನ ವೈದ್ಯರು ಹೇಳಿದ್ದಾರೆ. ತಮ್ಮ ಲೆಕ್ಕದಲ್ಲಿ ಬರುವ ವರ್ಷ ಎಂಬುದು ಬರುವುದೇ ಇಲ್ಲ. ಲೋಕದಲ್ಲಿ ಸದ್ಯ ಹಾಗೆ ನಂಬಿಕೊಂಡಿರುವವರು ತಾವು ಮತ್ತು ನಾನು, ಇಬ್ಬರೇ. ದಯಮಾಡಿ ತಾವು ಬುದ್ಧಿವಂತರಾಗಬೇಡಿ.