ಡೆಕ್ಕಿನ ಕೆಳಗಿನ ಗೌಡರು

ಸಿಟ್ಟು ಬಂದರೆ ಅದು ಯಾರ ಮೇಲೆ ಬಂದಿದೆ ಎಂದು ಮೊದಲು ಗೊತ್ತುಮಾಡಿಕೋ, ಆಮೇಲೆ ಕೂಗಾಡು ಎಂದು ನಮ್ಮಮ್ಮಿ ಹೇಳುತ್ತಿದ್ದರು. ನಾನು ಚಿಕ್ಕಂದಿನಿಂದಲೂ ಈ ಕ್ರಮವನ್ನು ತಿರುಗುಮುರುಗು ಮಾಡಿಕೊಂಡು ಬಂದವನು. ಮೊದಲು ಕೂಗಾಡುತ್ತೇನೆ, ಬೆವರು ಆರಿದ ಮೇಲೆ ಆಸಾಮಿಯನ್ನು ಹುಡುಕುತ್ತೇನೆ. ಈಚಿನ ಕೆಲವು ವರ್ಷಗಳಿಂದ ನನ್ನ ಸಿಟ್ಟೆಲ್ಲ ಒಂದು ಹಕ್ಕಿಯ ಸಲುವಾಗಿ. ನಾನು ಮೈಸೂರಿನ ಮಂಡಿ ಮೊಹಲ್ಲಾದವನು. ನ್ಯೂಜೆರ್ಸಿಯಲ್ಲಿ ಮನೆ, ಆಫೀಸ್ ಪಾರ್ಕಿನಲ್ಲಿ ಕೆಲಸ, ಆಗಾಗ ಐಸೆಲಿನ್‌ಗೆ ಡ್ರೈವ್ ಮಾಡಿ ಅಲ್ಲಿನ ಇಂಡಿಯನ್ ಅಂಗಡಿಗಳಿಂದ ಸೋನಾಮಸೂರಿ ಮೂಟೆ ಹೊತ್ತು ತರುವ ಸಂಸಾರಸ್ಥ. ಇಂಥವನು ನವೆಂಬರ್ ಬಂತೆಂದರೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಬಂದೂಕು ಹಿಡಿದು ಫೆಸೆಂಟ್ ಬೇಟೆಗೆ ಹೋಗುತ್ತಾನೆ ಎಂದರೆ ನಮ್ಮ ಕನ್ನಡ ಕೂಟದಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು ಬಿಸಿಬೇಳೆಬಾತಿನ ತಟ್ಟೆ ಎತ್ತಿಕೊಂಡು ಇನ್ನೊಂದು ಮೇಜಿಗೆ ಹೋಗಿ ಕೂರುತ್ತಾರೆ.

ಫೆಸೆಂಟ್ ಎಂದರೆ ನಮ್ಮ ಕೋಳಿಯ ಶ್ರೀಮಂತ ನೆಂಟ. ಹುಂಜಕ್ಕೆ ಕೆಂಪು ಮುಖ, ಕುತ್ತಿಗೆಗೆ ಬಿಳಿ ಪಟ್ಟಿ, ತಾಮ್ರದ ಹೊಳಪಿನ ಮೈ, ಹಿಂದೆ ಮೊಳದುದ್ದದ ಬಾಲ. ನಡೆಯುವಾಗ ನೆಲ ತನ್ನಪ್ಪನದು ಎನ್ನುವ ಗತ್ತು. ನನಗೆ ಇದರ ಚಟ ಹಚ್ಚಿದವನು ವಾಲ್ಟರ್. ನಾವು ಸಮರ್‌ಸೆಟ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಊರಾಚೆಗಿನ ಅವನ ಹೊಲಕ್ಕೆ ಮುಸುಕಿನ ಜೋಳ ಕೊಳ್ಳಲು ಹೋಗುತ್ತಿದ್ದೆ. ಜೋಳದಿಂದ ಮಾತು ಹಕ್ಕಿಗೆ ತಿರುಗಿತು, ಹಕ್ಕಿಯಿಂದ ಬಂದೂಕಿಗೆ. ಅವನ ಹೊಲದ ಹಿಂಬದಿಯ ಬೇಲಿಯಲ್ಲೂ ಜೊಂಡು ಬೆಳೆದ ತಗ್ಗಿನಲ್ಲೂ ಕಾಡು ಫೆಸೆಂಟ್‌ಗಳು ತಾವಾಗಿಯೇ ಮರಿಮಾಡಿಕೊಂಡು ಬದುಕಿದ್ದವು. ಪರ್ಮಿಟ್ಟು, ಲೈಸೆನ್ಸು, ಟ್ರೈನಿಂಗು ಎಲ್ಲ ಮುಗಿಸಿ ನಾನು ವಾಲ್ಟರನ ಹಿಂದೆ, ವಾಲ್ಟರ್ ತನ್ನ ನಾಯಿ ಡೇಜಿಯ ಹಿಂದೆ, ಹೀಗೆ ವರ್ಷವರ್ಷವೂ ನಡೆದೆವು. ನನ್ನ ಗುರಿ ಕೆಟ್ಟದ್ದೇನಲ್ಲ. ಆದರೆ ಬೇಟೆ ನಮಗೆ ಹಲಾಲ್ ಆಗಬೇಕಾದರೆ ಗುಂಡು ಹಾರಿಸುವ ಮುಂಚೆ ಬಿಸ್ಮಿಲ್ಲಾ ಹೇಳಬೇಕು. ಕಾಲಬುಡದಿಂದ ಹಕ್ಕಿ ಭರ್ರೆಂದು ಎದ್ದಾಗ ಎದೆ ಹಾರಿ, ನಾಲಗೆ ತೊಡರಿ, ನಾನು ಹೇಳಿ ಮುಗಿಸುವಷ್ಟರಲ್ಲಿ ಅದು ಪಕ್ಕದ ಕೌಂಟಿ ಸೇರಿರುತ್ತಿತ್ತು. "ನಿಮ್ಮಲ್ಲಿ ಇದಕ್ಕಿಂತ ಚಿಕ್ಕ ಪ್ರಾರ್ಥನೆ ಇಲ್ಲವೇ?" ಎಂದು ವಾಲ್ಟರ್ ಒಮ್ಮೆ ಮರುಕದಿಂದ ಕೇಳಿದ್ದ. ಅಪರೂಪಕ್ಕೆ ಒಂದು ಸಿಕ್ಕಿತೋ, ನನ್ನ ಹೆಂಡತಿ ನಸ್ರೀನ್ ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದು ಮಾಡುತ್ತಿದ್ದ ಸಾರಿನ ಘಮ ಬಾಗಿಲಾಚೆಗೂ ಬರುತ್ತಿತ್ತು.

ಬೇರೆ ಕಡೆ ಬೇಟೆಯಾಡಬಹುದಲ್ಲ ಎನ್ನುವವರಿದ್ದಾರೆ. ಆಡಬಹುದು. ಸರ್ಕಾರಿ ಜಾಗಗಳಲ್ಲಿ ಫಾರಂನಲ್ಲಿ ಸಾಕಿದ ಫೆಸೆಂಟ್‌ಗಳನ್ನು ಲಾರಿಯಲ್ಲಿ ತಂದು ಬಿಡುತ್ತಾರೆ. ಒಮ್ಮೆ ಹೋಗಿದ್ದೆವು. ಪಾರ್ಕಿಂಗಿಗೇ ಜಗಳ, ಕಿತ್ತಳೆ ಜಾಕೆಟ್‌ಗಳ ಸಾಲು ನೋಡಿದರೆ ದೇವರಾಜ ಮಾರ್ಕೆಟ್ಟಿನ ಹಬ್ಬದ ಹಿಂದಿನ ದಿನದ ನೂಕುನುಗ್ಗಲು. ನಾವು ಹತ್ತಿರ ಹೋದರೆ ಹಕ್ಕಿ ಹಾರಲಿಲ್ಲ, ಕಾಳು ತಂದಿರೇನು ಎನ್ನುವ ಹಾಗೆ ಮುಖ ನೋಡಿತು. "ಇದು ಬೇಟೆಯಲ್ಲ, ಶಾಪಿಂಗು," ಎಂದು ವಾಲ್ಟರ್ ಬಂದೂಕನ್ನು ಚೀಲಕ್ಕೆ ಹಾಕಿದ.

ಅದೇ ವಾಲ್ಟರ್ ಮಂಡಿಯ ಆಪರೇಷನ್ ಆದಮೇಲೆ ಅಷ್ಟು ಹೊಲ ಉಳಲಾಗದೆ ರಸ್ತೆಬದಿಯ ಭಾಗವನ್ನು ಬಿಲ್ಡರಿಗೆ ಮಾರಿಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಬಿಲ್ಡರನಾದರೂ ಎಂಥವನು! ಬಡಾವಣೆಯ ಹೆಸರಿಗೇ ಫೆಸೆಂಟ್ ಸೇರಿಸಿ, ಗೇಟಿನಲ್ಲಿ ಅದರ ಚಿತ್ರ ಬರೆಸಿದ. ಆ ಚಿತ್ರಕ್ಕೆ ಮಾತ್ರ ಟರ್ಕಿ ಕೋಳಿಯ ಬಾಲ. "ನೀನು ಮಾರಬಾರದಿತ್ತು," ಎಂದು ವಾಲ್ಟರನನ್ನು ತರಾಟೆಗೆ ತೆಗೆದುಕೊಂಡೆ. ಅವನು ಪೈಪು ಕೊಡವುತ್ತ, "ನೀನು ಕೊಳ್ಳಬಾರದಿತ್ತು," ಎಂದ.

ಹೌದು, ಕೊಂಡಿದ್ದೆ. ಹೊಲ ಹೇಗೂ ಹೋಯಿತು, ಉಳಿದ ಬೇಲಿಯ ಪಕ್ಕದಲ್ಲಾದರೂ ಇರೋಣ, ಚಪ್ಪಲಿ ಮೆಟ್ಟಿಕೊಂಡು ಬೇಟೆಗೆ ಹೋಗಬಹುದು ಎಂಬುದು ನನ್ನ ಲೆಕ್ಕ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಮ್ಮವರು ಅಮೆರಿಕದಲ್ಲಿ ಒಬ್ಬೊಬ್ಬರೇ ಮನೆ ಕೊಂಡದ್ದನ್ನು ಯಾರಾದರೂ ನೋಡಿದ್ದೀರಾ? ಒಬ್ಬ ಬುಕ್ ಮಾಡಿದರೆ ಆ ಸಂಜೆಯೇ ಫೋನು ಶುರು. ಏರ್‌ಪೋರ್ಟಿಗೆ ಬಿಡಲು ಒಬ್ಬರು ಬೇಕು, ಊರಿಂದ ಅಪ್ಪ ಅಮ್ಮ ಬಂದಾಗ ವಾಕಿಂಗಿಗೆ ಜೊತೆ ಬೇಕು, ಕರಿಬೇವಿನ ಕುಂಡ ಇರುವ ಮನೆ ಒಂದಾದರೂ ಹತ್ತಿರದಲ್ಲಿರಬೇಕು. ನಾನು ಧಾರವಾಡದ ಕುಲಕರ್ಣಿಯವರಿಗೆ ಹೇಳಿದೆ, ಅವರು ತಮ್ಮ ಷಡ್ಡಕನಿಗೆ ಹೇಳಿದರು, ಷಡ್ಡಕ ಆಫೀಸಿನವರಿಗೆ ಹೇಳಿದ. ಮಾದರಿ ಮನೆಯ ಬಣ್ಣ ಒಣಗುವ ಮೊದಲೇ ಹಿಂದಿನ ಸಾಲು ಪೂರ್ತಿ ನಮ್ಮವರದಾಯಿತು. ಮನೆ ಮಾರುವ ಹುಡುಗಿ 'ನಮಸ್ಕಾರ' ಕಲಿತು ನನಗೊಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟಳು. ಹಿಂದಿನ ಸಾಲು ಎಂದರೆ ಬೇಲಿಗೆ ಅಂಟಿಕೊಂಡ ಸಾಲು.

ಜನ ಬಂದು ಸೇರಿಕೊಂಡ ಮೇಲೆ ಅಲ್ಲಿನ ಪುರಸಭೆಯಾದ ಟೌನ್‌ಶಿಪ್ಪಿನವರು ವಾಲ್ಟರನಿಗೆ ಕಾನೂನು ನೆನಪಿಸಿದರು. ವಾಸದ ಮನೆಯಿಂದ ಇಷ್ಟು ದೂರದೊಳಗೆ ಬಂದೂಕು ಹಿಡಿದು ಬೇಟೆಯಾಡುವಂತಿಲ್ಲ. ಆಡಲೇಬೇಕೆಂದರೆ ಆ ಮನೆಗಳ ಮಾಲೀಕರೆಲ್ಲ ಒಪ್ಪಿ ಬರೆದುಕೊಡಬೇಕು. ವಾಲ್ಟರನಿಗೆ ಉಳಿದಿದ್ದ ಹೊಲ ಪಂಚೆಯಂಚಿನಷ್ಟು ಕಿರಿದು, ಅದರೊಳಗೆ ಆ ದೂರಕ್ಕೆ ಸಿಗದ ಜಾಗವೇ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಟೌನ್‌ಶಿಪ್ ಸಭೆಗೆ ಹೋಗಿ ಮೈಕ್ ಹಿಡಿದೆ. ಹೊಲ ನುಂಗುವ ಬಡಾವಣೆಗಳು, ಹಕ್ಕಿಗೆ ನೆಲೆಯಿಲ್ಲ, ಬೇಟೆಗಾರನಿಗೆ ಕಾಲಿಡಲು ಜಾಗವಿಲ್ಲ ಎಂದು ಗಂಟಲು ಹರಿಯುವಂತೆ ಮಾತಾಡಿದೆ. ಹಿಂದಿನ ಬೆಂಚಿನಲ್ಲಿ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, ದಾಖಲೆಗೆ ನಿಮ್ಮ ವಿಳಾಸ ಹೇಳಿ ಎಂದರು. ಹೇಳಿದೆ. ಚಪ್ಪಾಳೆ ತಟ್ಟಿದವರೇ ಮೊದಲು ನಕ್ಕರು.

ಸಭೆಯಿಂದ ಹೊರಗೆ ಬಂದಾಗ ವಾಲ್ಟರ್ ತನ್ನ ಟ್ರಕ್ಕಿನ ಬಳಿ ನಿಂತಿದ್ದ. ಡೇಜಿ ಸೀಟಿನ ಮೇಲೆ ಮಲಗಿತ್ತು. ಈಗೀಗ ಅದನ್ನು ಎತ್ತಿಯೇ ಕೂರಿಸಬೇಕು. "ಮುಂದಿನ ವರ್ಷ ಇವಳಿಗೆ ನಡೆಯಲಾಗುವುದಿಲ್ಲ," ಎಂದ. "ನನಗೆ ಸೀಸನ್ನೆಲ್ಲ ಬೇಡ. ಇವಳ ಜೊತೆ ಒಂದು ಬೆಳಗು ಸಾಕು." ಹೊಲ ಮಾರಿದ ದಿನವೂ ಅವನ ದನಿ ಹೀಗೆ ಇಳಿದಿರಲಿಲ್ಲ. ನನಗೆ ಕಣ್ಣು ತುಂಬಿತು. ಒಪ್ಪಿಗೆ ತರುವ ಜವಾಬ್ದಾರಿ ನನ್ನದು, ಅವರೆಲ್ಲ ನಮ್ಮವರೇ ಎಂದು ಎದೆ ತಟ್ಟಿಕೊಂಡೆ.

ಶನಿವಾರ ಮನೆಮನೆ ಹತ್ತಿದೆ. ಎಲ್ಲರೂ ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು, ಸಹಿ ಮಾತ್ರ ಕುಲಕರ್ಣಿಯವರು ಹಾಕಿದರೆ ನೋಡೋಣ ಎಂದರು. ಕುಲಕರ್ಣಿ ಅಪ್ಪಟ ಸಸ್ಯಾಹಾರಿ, ಈರುಳ್ಳಿಗೂ ವಾರ ನೋಡುವವರು. ಅವರ ಹೆಂಡತಿ ಸುಧಾ ಬೇಲಿಯಿಂದ ಬರುತ್ತಿದ್ದ ಒಂದು ಫೆಸೆಂಟ್ ಹುಂಜಕ್ಕೆ ದಿನಾ ಚುರುಮುರಿ ಹಾಕಿ, ಅದರ ಗತ್ತು ನೋಡಿ ಗೌಡ್ರು ಎಂದು ಹೆಸರನ್ನೂ ಇಟ್ಟಿದ್ದರು.

"ಏನ್ರೀ ಇಲಿಯಾಸ್, ಆ ಗೌಡ್ರು ನಿಮಗ ಏನ್ ಮಾಡ್ಯಾರ?" ಎಂದರು ಕುಲಕರ್ಣಿ. "ಮುಂಜಾನೆ ಬರ್ತಾರ, ನಾಲ್ಕು ಕಾಳು ತಿಂತಾರ, ತಮ್ಮ ಪಾಡಿಗೆ ಹೋಗ್ತಾರ. ಅಂಥವರ ಮ್ಯಾಲೆ ಬಂದೂಕು ಅಂದ್ರ!"

ನನಗೆ ರೇಗಿತು. ಹೊಲದ ಮೇಲೆ ಮೂರು ಬಾತ್‌ರೂಮಿನ ಮನೆ ಕಟ್ಟಿಕೊಂಡು ಒಂದು ಹಿಡಿ ಚುರುಮುರಿ ಎಸೆದರೆ ಧರ್ಮವಾಯಿತೇ, ನಮ್ಮ ಬಂದೂಕಿಗಿಂತ ನಿಮ್ಮ ಲಾನು ಹೆಚ್ಚು ಹಕ್ಕಿಗಳನ್ನು ಕೊಂದಿದೆ ಎಂದು ಹಾರಾಡಿದೆ. ಕೊನೆಗೆ ಡೇಜಿಯ ವಿಷಯ ಹೇಳಿದೆ. ಒಳಗಿನಿಂದ ಸುಧಾ ಸೌಟು ಹಿಡಿದುಕೊಂಡೇ ಬಂದರು.

"ನಮ್ಮ ಮಗಳು ಪ್ರಿಯಾ ದಿನ ತುಂಬಿದಾಕಿ ಇದ್ದಾಗ ಹಿಮ ಬಿದ್ದು ಬಾಗಲಾ ತಗೀಲಿಕ್ಕೂ ಬರ್ತಿರಲಿಲ್ಲ. ಟ್ರ್ಯಾಕ್ಟರ್ ತಂದು ದಾರಿ ಮಾಡಿಕೊಟ್ಟವ ಆ ಅಜ್ಜ. ಅವಗ ಇಲ್ಲ ಅನ್ನೋದು ಹೆಂಗ? ಸಹಿ ಮಾಡ್ರಿ ನೀವು." ಆಮೇಲೆ ನನ್ನ ಕಡೆ ತಿರುಗಿ, "ಆದ್ರ ಗೌಡ್ರಿಗೆ ಗುಂಡು ತಾಗಬಾರ್ದು, ನೋಡ್ರಿ ಮತ್ತ," ಎಂದರು.

ನನ್ನ ಬಿಸ್ಮಿಲ್ಲಾದ ಇತಿಹಾಸ ಹೇಳಿ ಧೈರ್ಯ ತುಂಬಿದೆ. ಕುಲಕರ್ಣಿ ಸಹಿ ಮಾಡಿದರು, ಸಂಜೆಯೊಳಗೆ ಸಾಲಿನವರೆಲ್ಲ ಮಾಡಿದರು. ಗೆದ್ದ ಪೈಲ್ವಾನನ ಹಾಗೆ ಮನೆಗೆ ಬಂದು, ನಮ್ಮ ಮನೆಯ ಕಾಗದದಲ್ಲಿ ನಾನು ಸಹಿ ಹಾಕಿ ನಸ್ರೀನ್ ಮುಂದೆ ಪೆನ್ನು ಹಿಡಿದೆ. ಮನೆ ಇಬ್ಬರ ಹೆಸರಿನಲ್ಲಿದೆ.

"ನಾನು ಹಾಕಲ್ಲ," ಎಂದಳು ನಸ್ರೀನ್.

ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಮಕ್ಕಳ ಉತ್ತರ ಇಂಗ್ಲಿಷಿನಲ್ಲಿ; ಜಗಳ ಮಾತ್ರ ಕನ್ನಡದಲ್ಲಿ, ಮಕ್ಕಳಿಗೆ ತಿಳಿಯಬಾರದೆಂದು. ಅವಳು ಕನ್ನಡ ಶುರು ಮಾಡಿದಳೆಂದರೆ ನಾನು ಕುರ್ಚಿ ಎಳೆದುಕೊಳ್ಳುತ್ತೇನೆ. "ಐಸೆಲಿನ್ ಹತ್ರ ಇರೋಣ, ಅಂಗಡಿಗೆ ನಡ್ಕೊಂಡು ಹೋಗ್ಬಹುದು ಅಂತ ಬಡ್ಕೊಂಡೆ. ಬೇಡ, ಬೆಳಗ್ಗೆ ಎದ್ರೆ ಫೆಸೆಂಟ್ ಕೂಗು ಕೇಳುತ್ತೆ ಅಂತ ನೀವೇ ತಾನೇ ಇಲ್ಲಿಗೆ ಕರ್ಕೊಂಡು ಬಂದಿದ್ದು? ಬಂದಾಗ ನಾಲ್ಕೈದು ಕೂಗ್ತಿದ್ವು. ಈಗ ಕೂಗೋದು ಅದೊಂದೇ. ಅದನ್ನೂ ಹೊಡೆದುಹಾಕಿದ್ರೆ ನಾನು ಯಾವ ಸುಖಕ್ಕೆ ಈ ಕಾಡಲ್ಲಿರ್ಲಿ?"

ಇಷ್ಟು ವರ್ಷ ಫೆಸೆಂಟ್ ಸಾರು ಮಾಡಿದವಳು ನೀನೇ ಅಲ್ಲವೇ ಎಂದೆ. "ಅವಾಗ ಬೇರೆಯವೂ ಇದ್ವು," ಎಂದು ಪೆನ್ನಿನ ಮುಚ್ಚಳ ಹಾಕಿ ನನ್ನ ಜೇಬಿಗೆ ಸಿಕ್ಕಿಸಿದಳು.

ಮರುದಿನ ಬೆಳಗ್ಗೆ ವಾಲ್ಟರನಿಗೆ ಮುಖ ತೋರಿಸುವುದು ಹೇಗೆಂದು ತಿಳಿಯಲಿಲ್ಲ. ಈರುಳ್ಳಿಗೂ ವಾರ ನೋಡುವವರು ಒಪ್ಪಿದರು, ಬೇಟೆಗಾರನ ಮನೆಯೇ ಒಪ್ಪಲಿಲ್ಲ ಎಂದು ಹೇಳಿದೆ. ಅವನು ಬಹಳ ಹೊತ್ತು ನಕ್ಕ. ನಕ್ಕು ಮುಗಿದ ಮೇಲೆ ಡೇಜಿಯನ್ನು ಟ್ರಕ್ಕಿನಿಂದ ಎತ್ತಿ ಇಳಿಸಿ, "ನಡೆಯುವುದಕ್ಕೆ ಯಾರ ಸಹಿಯೂ ಬೇಡ," ಎಂದ. ಬರಿಗೈಯಲ್ಲಿ ಹೊರಟೆವು. ಜೊಂಡಿನ ಹತ್ತಿರ ಡೇಜಿ ಹಕ್ಕಿಯ ವಾಸನೆ ಹಿಡಿದು ನಿಂತುಬಿಟ್ಟಿತು. ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಹಿಂದಿನ ಕಾಲುಗಳು ನಡುಗುತ್ತಿದ್ದರೂ ಅಲುಗಾಡದೆ ನಿಂತಿತು. ವಾಲ್ಟರ್ ಟೋಪಿ ತೆಗೆದ. ಬಂದೂಕಿನ ಗಾಬರಿಯಿಲ್ಲದ್ದರಿಂದಲೋ ಏನೋ, ನಾನು ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಬಿಸ್ಮಿಲ್ಲಾ ಹೇಳಿ ಮುಗಿಸಿದೆ. ಆಮೇಲೆ ಗೌಡರು ಎದ್ದರು.

ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಅತಿ ಸುಲಭದ ಗುರಿ ಅದು. ಹುಂಜ ನಮ್ಮ ತಲೆಯ ಮೇಲೆ ನಿಧಾನವಾಗಿ ಹಾದು, ಬೇಲಿ ದಾಟಿ, ಸಾಲಿನಲ್ಲಿ ಒಂದು ಮನೆಯ ಹಿಂದಿನ, ಮರದ ಜಗಲಿಯಂಥ ಡೆಕ್ಕಿನ ಕೆಳಗೆ ಹೋಗಿ ಅಡಗಿತು. ಹೊಲವಿದ್ದ ಜಾಗದಲ್ಲಿ ಇಷ್ಟು ದೊಡ್ಡ ಡೆಕ್ ಕಟ್ಟಿಸಿಕೊಂಡವನು ಯಾವ ಪಾಪಿ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಕೂಗಾಡಲು ಬಾಯಿ ತೆರೆದೆ. ಈ ಸಲ ಆಸಾಮಿಯನ್ನು ಹುಡುಕಬೇಕಾಗಲಿಲ್ಲ. ಡೆಕ್ಕಿನ ಕಟಕಟೆಯ ಮೇಲೆ ನನ್ನದೇ ಲುಂಗಿ ಒಣಗುತ್ತಿತ್ತು.